ಹಜಾರದ ಕೊನೆಯ ಬಾಗಿಲು

ಮನೆಯಿಂದ,
ಹದಿನಾಲ್ಕನೇ ತಾರೀಖು, ಶನಿವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ? ಬೆನ್ನುನೋವು ಕಡಿಮೆಯಾಯಿತೇ? ಕೇಳಿದವರಿಗೆ ಎರಡನೇ ಕಂಬಳಿ ಕೊಡುತ್ತಾರಂತೆ, ಹೋದ ಸಲ ಭೇಟಿಯ ಕೋಣೆಯಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ಹೇಳಿದಳು. ನೀನು ಬಾಯಿಬಿಟ್ಟು ಕೇಳುವ ಪೈಕಿ ಅಲ್ಲ, ಗೊತ್ತು. ಆದರೂ ಕೇಳು. ಜೈಲಿನಲ್ಲಿ ಕೂತು ಸಂಕೋಚ ಪಟ್ಟರೆ ಯಾರು ಮೆಚ್ಚುತ್ತಾರೆ? ನಾನು ಚೆನ್ನಾಗಿದ್ದೇನೆ. ಅಂಗಡಿಯವರಿಗೆ ಮನೆಯಲ್ಲೇ ಕೂತು ಪರದೆ ಹೊಲಿಯುವುದು ಸಾಲದು ಎಂದು ಈಗ ಸೋಫಾ ಕವರುಗಳನ್ನೂ ನನ್ನ ತಲೆಗೇ ಕಟ್ಟಿದ್ದಾರೆ. ಗೋಡೆಯ ಕಡೆಗೆ ಹೋಗುವ ಬೆನ್ನಿಗೆ ಅಗ್ಗದ ಬಟ್ಟೆ ಹಾಕು, ಯಾರು ನೋಡುತ್ತಾರೆ ಎನ್ನುತ್ತಾರೆ ಯಜಮಾನರು. ಥೇಟ್ ನಿನ್ನ ಮಾತೇ.

ಅಮ್ಮನ ಕಾಯಿಲೆ ಈಗ ಕುತ್ತಿಗೆಗೂ ಏರಿದೆ. ತಲೆ ತಿರುಗಿಸಲಾರಳು. ಮೈಯಲ್ಲಿ ಅವಳ ಮಾತು ಕೇಳುತ್ತಿರುವುದು ಬಲಗೈ ಹೆಬ್ಬೆರಳು ಒಂದೇ. ನಾಲಿಗೆಯೂ ತೊದಲುತ್ತದೆ, ನನಗೇ ಎರಡು ಮೂರು ಸಲ ಕೇಳಿದರೆ ಅರ್ಥವಾಗುತ್ತದೆ. ಇನ್ನು ಉಸಿರಾಟಕ್ಕೇ ತೊಂದರೆ, ನೋಡಬೇಕಾದವರು ಬೇಗ ಬಂದು ನೋಡಿಕೊಳ್ಳಲಿ ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. ನಿನ್ನನ್ನು ಕರೆಸುವ ಮಾತು ಎತ್ತಬೇಡ ಎಂದು ಹೋದ ಪತ್ರದಲ್ಲಿ ಅಡಿಗೆರೆ ಎಳೆದು ಬರೆದಿದ್ದೀಯಾ. ಎಡಕ್ಕೊಬ್ಬ ಬಲಕ್ಕೊಬ್ಬ ಪೊಲೀಸಿನವನನ್ನು ಇಟ್ಟುಕೊಂಡು ನಮ್ಮ ಬೀದಿಯಲ್ಲಿ ನಡೆಯಲಾರೆ, ನಿದ್ದೆಗಣ್ಣಿನಲ್ಲಿ ಲಾರಿ ಓಡಿಸಿ ಒಬ್ಬನ ಜೀವ ತೆಗೆದವನ ಮುಖವನ್ನು ಅಮ್ಮ ಕೊನೆಗಾಲದಲ್ಲಿ ನೋಡುವುದು ಬೇಡ ಎಂದೆಲ್ಲ. ಪೆರೋಲ್ ರಜೆಯ ಅರ್ಜಿಗೆ ಸಹಿ ಹಾಕದೆ ವಾಪಸ್ ಕಳಿಸಿದೆಯಂತೆ. ಸರಿ, ನಾನೂ ಎತ್ತುವುದಿಲ್ಲ. ನೀನು ಕೇಳಿದ್ದು ಆಟದ ವಿಷಯ, ಅದನ್ನೇ ಬರೆಯುತ್ತೇನೆ.

ನೀನು ಕಾಲೇಜಿನಲ್ಲಿದ್ದಾಗ ಆ ಗುಂಡು ಹಾರಿಸುವ ಆಟದೊಳಗೆ ನಮ್ಮ ಹಳೆಯ ಬಾಡಿಗೆ ಮನೆಯನ್ನೇ ಲೆವೆಲ್ ಮಾಡಿ ಕಟ್ಟಿದ್ದೆಯಲ್ಲ, ಅದೇ ಈಗ ಅಮ್ಮನ ಪ್ರಪಂಚ. ಅಸಲಿ ಮನೆಯನ್ನು ಮಾಲೀಕರು ಕೆಡವಿ ಎಷ್ಟೋ ಕಾಲವಾಯಿತು. ಇದರಲ್ಲಿ ಮೆಟ್ಟಿಲ ಮುರಿದ ಅಂಚು, ನಲ್ಲಿಯ ಕೆಳಗಿನ ತುಕ್ಕು, ಎಲ್ಲ ಹಾಗೇ ಇದೆ. ನಿನ್ನ ಸ್ನೇಹಿತರೆಲ್ಲ ಅಮ್ಮನ ಅಡುಗೆಮನೆಯಲ್ಲಿ ಒಬ್ಬರಿಗೊಬ್ಬರು ಗುಂಡು ಹೊಡೆದುಕೊಂಡು ಸಾಯುತ್ತಿದ್ದುದು, ಆಟದೊಳಗಿನ ಹಿಟ್ಟಿನ ಡಬ್ಬಿಯಲ್ಲಿ ನೀನು ಗುಂಡುಗಳನ್ನು ಅಡಗಿಸಿಟ್ಟಿದ್ದಕ್ಕೆ ಅಮ್ಮ ಎರಡು ದಿನ ಮಾತು ಬಿಟ್ಟಿದ್ದು ನೆನಪಿದೆಯಾ? ಈಗ ಬಂದೂಕು ತೆಗೆದುಹಾಕಿ ಜಾಯ್‌ಸ್ಟಿಕ್ಕನ್ನು ಅವಳ ಹೆಬ್ಬೆರಳಿನ ಕೆಳಗೆ ಇಟ್ಟರೆ ಸಾಕು, ಮೆಟ್ಟಿಲು ಹತ್ತುತ್ತಾಳೆ, ಕಿಟಕಿಯ ಹತ್ತಿರ ನಿಲ್ಲುತ್ತಾಳೆ, ಒಲೆಯ ಮುಂದೆ ಹೋಗಿ ಸುಮ್ಮನೆ ನೋಡುತ್ತಾಳೆ. ಮೊದಲ ದಿನ ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಆದರೆ ಆ ಆಟವನ್ನು ಓಡಿಸುವ ಎಂಜಿನ್, ಆ ಹಳೆಯ ಪ್ರೋಗ್ರಾಮು, ಮುದಿಯಾಗಿದೆ. ಹೊಸ ಕಂಪ್ಯೂಟರಿನಲ್ಲಿ ಏಳುವುದೇ ಇಲ್ಲ, ನಿನ್ನ ಹಳೆಯದರಲ್ಲಿ ಎದ್ದರೂ ಏದುಸಿರು ಬಿಡುತ್ತದೆ. ಚಿತ್ರ ತಡವರಿಸಿದರೆ ಅಮ್ಮನಿಗೆ ತಲೆಸುತ್ತು, ತಲೆಸುತ್ತಿದರೆ ವಾಂತಿ. ಅಲುಗಾಡದೆ ಮಲಗಿದವಳಿಗೆ ವಾಂತಿಯಾದರೆ ಗಂಟಲಿಗೆ ಸಿಕ್ಕಿ ಪ್ರಾಣಕ್ಕೇ ಬರುತ್ತದೆ ಎಂದು ಡಾಕ್ಟರು ಹೆದರಿಸಿಟ್ಟಿದ್ದಾರೆ. ಅದಕ್ಕೇ ನಿನಗೆ ಬರೆದು ಕೇಳಿದ್ದು. ನೀನು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದೆ. ಕಣ್ಣಿಗೆ ಬೀಳದ್ದನ್ನು ಮೊದಲು ತೆಗೆ ಎಂದೆ ನೀನು, ಬೀರುಗಳ ಬೆನ್ನು, ಮಂಚದ ಹೊಟ್ಟೆ, ಮೇಜಿನ ತಳ ಎಲ್ಲ ನಾನು ತೆಗೆದೆ. ನಿಂತಲ್ಲಿಂದ ಕಾಣಬಹುದಾದದ್ದನ್ನೆಲ್ಲ ಎಂಜಿನ್ ಒಂದೇ ಏಟಿಗೆ ಬಿಡಿಸಲು ಹೋಗಿ ಸುಸ್ತಾಗುತ್ತದೆ, ನೋಟಕ್ಕೆ ಅಡ್ಡವಾಗಿ ನಡುವೆ ಒಂದು ತಿರುವು ಕೊಡು ಎಂದೆ. ಅಡುಗೆಮನೆಗೂ ಹಜಾರಕ್ಕೂ ನಡುವೆ ಅಡ್ಡಗೋಡೆ ಎಬ್ಬಿಸಿದೆ. ಅಮ್ಮ ಅದಕ್ಕೆ ಡಿಕ್ಕಿ ಹೊಡೆದು, ಇಲ್ಲಿ ಗೋಡೆ ಇರ್ಲಿಲ್ಲ, ಯಾವನೋ ಅವನು ಕಟ್ಟಿದ್ದು ಎಂದು ತೊದಲುತ್ತಲೇ ಬೈದಳು. ಬೈಗುಳ ಮಾತ್ರ ಮೊದಲ ಸಲಕ್ಕೇ ಅರ್ಥವಾಗುತ್ತದೆ ನೋಡು. ಅಂತೂ ನಡಿಗೆ ಹಗುರಾಯಿತು, ವಾಂತಿ ನಿಂತಿತು. ನೀನು ಎದುರಿಗಿದ್ದಿದ್ದರೆ ನನ್ನ ಬೆನ್ನು ತಟ್ಟುತ್ತಿದ್ದೆ.

ಒಂದು ಜಾಗದಲ್ಲಿ ಮಾತ್ರ ಸರಿಹೋಗಲಿಲ್ಲ. ಹಜಾರದ ಕೊನೆಗೆ, ನಿನ್ನ ಕೋಣೆಯ ಬಾಗಿಲಿನ ಮುಂದೆ ಬಂದರೆ ಚಿತ್ರ ಅಂಟಿಕೊಂಡುಬಿಡುತ್ತಿತ್ತು. ಮುಚ್ಚಿದ ಬಾಗಿಲು ನೆಟ್ಟಗೆ ಎದುರಿಗೆ, ಒಂದು ಚೂರೂ ಅಲುಗಾಟವಿಲ್ಲ. ನಾನು ಹೊಲಿಗೆ ಯಂತ್ರ ಬಿಟ್ಟೆದ್ದು ನೋಡಿದಾಗೆಲ್ಲ ಅದೇ ಬಾಗಿಲು. ನನ್ನ ತಾಳ್ಮೆ ನಿನಗೆ ಗೊತ್ತಲ್ಲ, ಸೀದಾ ಗೋಡೆಯ ಸ್ವಿಚ್ಚು ಆರಿಸಿ ಮತ್ತೆ ಶುರು ಮಾಡುತ್ತಿದ್ದೆ. ಅಮ್ಮ ಏನೋ ಗೊಣಗುತ್ತಿದ್ದಳು. ಆಟ ನಿಂತದ್ದಕ್ಕೆ ಬೇಜಾರು ಮಾಡಿಕೊಂಡಿದ್ದಾಳೆ ಎಂದುಕೊಂಡೆ. ಭಾರ ಇನ್ನೂ ಹೆಚ್ಚಾಯಿತೇನೋ ಎಂದು ಹಜಾರದ ಪರದೆ ತೆಗೆದೆ, ಹೂಕುಂಡ ತೆಗೆದೆ, ದೀಪಗಳನ್ನು ತೆಗೆದು ಒಂದೇ ಒಂದು ಉಳಿಸಿದೆ. ಮತ್ತೆ ಅಲ್ಲೇ ಅಂಟು. ಕೊನೆಗೆ ತಪ್ಪೆಲ್ಲ ಬಾಗಿಲ ಹಿಂದಿನದೇ ಅನಿಸಿತು. ಬಾಗಿಲು ಯಾವಾಗ ತೆರೆದರೂ ತೋರಿಸಬೇಕಲ್ಲ ಎಂದು ಎಂಜಿನ್ ಆ ಕೋಣೆಯನ್ನು ಸದಾ ಹೊತ್ತುಕೊಂಡೇ ಇರುತ್ತದೆ ಎಂದು ನೀನೇ ಬರೆದಿದ್ದೆ. ನಿನ್ನ ಕೋಣೆಯೋ, ಹೇಳುವುದೇ ಬೇಡ. ಇಡೀ ಮನೆಗಿಂತ ಹೆಚ್ಚು ಸಾಮಾನು ನೀನು ಅದರಲ್ಲೇ ತುಂಬಿದ್ದೆ, ಪುಸ್ತಕ ಒಂದೊಂದೂ ಬೇರೆ ಬೇರೆ, ಕುರ್ಚಿಯ ಮೇಲೆ ಒಗೆಯದ ಅಂಗಿ ಸಹಿತ. ಸಿಟ್ಟೂ ಇತ್ತು ನನಗೆ, ಸುಳ್ಳು ಯಾಕೆ ಹೇಳಲಿ. ನೀನು ಅರ್ಜಿ ವಾಪಸ್ ಕಳಿಸಿದ ಸುದ್ದಿ ಆವತ್ತೇ ಬಂದಿತ್ತು. ಇಡೀ ಕೋಣೆಯನ್ನು ಒಂದೇ ಏಟಿಗೆ ಅಳಿಸಿ, ಬಾಗಿಲಿನ ಚಿತ್ರವನ್ನು ಗೋಡೆಗೆ ಅಂಟಿಸಿದೆ.

ಮಾರನೇ ದಿನವೂ ಆಟ ಅಲ್ಲೇ ನಿಂತಿತು. ತಲೆ ಕೆಟ್ಟುಹೋಯಿತು ನನಗೆ. ಅಮ್ಮನ ಕೈಯಿಂದ ಜಾಯ್‌ಸ್ಟಿಕ್ ಎಳೆದುಕೊಂಡೆ. ಎಳೆಯುವಾಗ ನನ್ನ ಬೆರಳು ತಗುಲಿ ನೋಟ ಮೇಲಕ್ಕೆ ವಾಲಿತು. ಹಜಾರದ ಫ್ಯಾನು ಕಂಡಿತು, ನಮ್ಮ ಅದೇ ಸೊಟ್ಟ ಫ್ಯಾನು. ಅದು ತಿರುಗುತ್ತಿತ್ತು, ಅಣ್ಣಾ. ಒಂದಿಷ್ಟೂ ತಡವರಿಸದೆ, ಆರಾಮವಾಗಿ ತಿರುಗುತ್ತಿತ್ತು. ಆಟ ಅಂಟಿಕೊಂಡೇ ಇರಲಿಲ್ಲ. ಯಾವತ್ತೂ ಅಂಟಿಕೊಂಡಿರಲಿಲ್ಲ. ಅಮ್ಮನೇ ಅಲ್ಲಿ ಬಂದು ನಿಲ್ಲುತ್ತಿದ್ದಳು. ನಾನು ಮಂಚದ ಪಕ್ಕ ಕೂತು, ಯಾಕಮ್ಮಾ ಇಲ್ಲಿ ನಿಲ್ತೀಯಾ, ಮುಂದೆ ಹೋಗು ಎಂದೆ. ಅವಳು ಹೇಳಿದ್ದು ತಿಳಿಯಲು ಬಹಳ ಹೊತ್ತು ಹಿಡಿಯಿತು. ಬಾಗ್ಲು ಬಡೀಬಾರ್ದು ಮಗಾ, ಅವನು ಕೆಲಸ ಮಾಡ್ತಿರ್ತಾನೆ, ಅವನಾಗೇ ತೆಗೀತಾನೆ ಎಂದಳು.

ಆವಾಗಲೂ ಹಾಗೇ ಅಲ್ಲವೇ ಅವಳು? ನೀನು ಒಳಗೆ ಚಿಲಕ ಹಾಕಿಕೊಂಡು ಇದೇ ಮನೆಯನ್ನು ಕಟ್ಟುತ್ತಾ ಕೂತಿರುತ್ತಿದ್ದೆ, ಅವಳು ಊಟದ ತಟ್ಟೆ ಹಿಡಿದು ಹೊರಗೆ ನಿಂತಿರುತ್ತಿದ್ದಳು. ಸಾರು ಆರಿಹೋದರೂ ಬಡಿಯುತ್ತಿರಲಿಲ್ಲ. ಅವನಿಗೆ ಬಾಗಿಲಿಗೇ ತಟ್ಟೆ, ನನಗೆ ಕೂಗಿ ಕೇಳಿದರೂ ಇಲ್ಲ ಎಂದು ನಾನು ಹೊಟ್ಟೆ ಉರಿದುಕೊಳ್ಳುತ್ತಿದ್ದೆ. ಹೇಗೋ ನಿನಗೆ ಗೊತ್ತಾಗಿ ನೀನೇ ಬಾಗಿಲು ತೆಗೆಯುತ್ತಿದ್ದೆ. ಈಗಲೂ ಅವಳಿಗೆ ನಂಬಿಕೆ ಇರುವುದು ಅದರ ಮೇಲೇ. ಇರಲಿ, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ತೆಗೆದದ್ದನ್ನೆಲ್ಲ ಒಂದೊಂದಾಗಿ ವಾಪಸ್ ಇಡುತ್ತಿದ್ದೇನೆ, ನಿನ್ನ ಕೋಣೆಯನ್ನೂ ಇಟ್ಟುಬಿಡುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಕಂಬಳಿ ಕೇಳು. ಪಕ್ಕದ ಮನೆಯ ಅಜ್ಜಿ ನಿನ್ನನ್ನು ಕೇಳಿದರು, ಚೆನ್ನಾಗಿದ್ದಾನೆ ಎಂದೆ. ಕಾಗದದ ಮೂಲೆಯಲ್ಲಿರುವ ಎಣ್ಣೆಯ ಕಲೆ ನನ್ನ ಕೊಳಕುತನವಲ್ಲ. ಅಮ್ಮನ ಕೈಗೆ ಎಣ್ಣೆ ಹಚ್ಚಿ ಉಜ್ಜುತ್ತಿದ್ದೆ, ಅಣ್ಣನಿಗೆ ಪತ್ರ ಎಂದಾಗ ಹೆಬ್ಬೆರಳು ಆಡಿಸಿದಳು. ನಾನೇ ಹಿಡಿದು ಒತ್ತಿಸಿದೆ. ಅದೇ ಅವಳ ಆಶೀರ್ವಾದ.

ನಿನ್ನ ತಂಗಿ,
ಮೊಂಡಿ

ವಿ.ಸೂ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಂಚೆಯ ಡಬ್ಬಿ ತೆಗೆಯುವ ಹೊತ್ತಾಯಿತು. ನಿನ್ನ ಕೋಣೆಯನ್ನು ವಾಪಸ್ ಇಡುತ್ತೇನೆ ಎಂದದ್ದು ಸುಳ್ಳು. ಅಳಿಸಿದ ಮೇಲೆ ಹಳೆಯ ಫೈಲಿನ ಮೇಲೇ ಸೇವ್ ಮಾಡಿಬಿಟ್ಟೆ, ಬೇರೆ ಪ್ರತಿ ಎಲ್ಲೂ ಇಲ್ಲ. ಆ ಬಾಗಿಲಿನ ಹಿಂದೆ ಈಗ ಏನೂ ಇಲ್ಲ, ಅದು ಬಾಗಿಲೂ ಅಲ್ಲ. ಅಮ್ಮನಿಗೆ ಹೇಳಲು ನನಗೆ ಬಾಯಿ ಬರುತ್ತಿಲ್ಲ. ಬುಧವಾರ ಅದೇ ಅರ್ಜಿಯನ್ನು ಮತ್ತೆ ನಿನ್ನ ಮುಂದೆ ಇಡುತ್ತಾರೆ, ಜೈಲಿನ ಆಫೀಸಿನವರ ಕೈಕಾಲು ಹಿಡಿದು ಒಪ್ಪಿಸಿ ಬಂದಿದ್ದೇನೆ. ಸಹಿ ಹಾಕು. ಪೊಲೀಸರು ಬರಲಿ, ಬೀದಿಯವರೆಲ್ಲ ನೋಡಲಿ. ಅಮ್ಮ ಇವತ್ತೂ ಬೆಳಗಿನಿಂದ ಅಲ್ಲೇ ನಿಂತಿದ್ದಾಳೆ. ಅವಳು ಬಡಿಯುವುದಿಲ್ಲ, ಅಣ್ಣಾ.