ಐದು ಜನರ ಒಂದು ಷೇರು

ಜೂನ್ 3, ಸೋಮವಾರ

ಕಂಪನಿಯ ನೂರು ಷೇರು ಸೇರಿ ಇನ್ನು ಒಂದೇ ಷೇರು. ಹೇಳಿದ್ದು ಮೇಸ್ತ್ರಿ. ನಂಬದೆ ಊಟದ ಬಿಡುವಿನಲ್ಲಿ ನೋಟಿಸ್ ಬೋರ್ಡ್ ಹತ್ತಿರ ಹೋಗಿ ನಾನೇ ಓದಿದೆ. ನಿಜ. ನೂರಕ್ಕಿಂತ ಕಡಿಮೆ ಇದ್ದವರಿಗೆ ಷೇರಿಲ್ಲ, ಅದರ ದುಡ್ಡು ಕೊಡುತ್ತಾರೆ. ಜೂನ್ 28ರಂದು ಯಾರ ಹೆಸರಿನಲ್ಲಿ ಎಷ್ಟಿದೆಯೋ ಅದೇ ಲೆಕ್ಕ.

ನಮ್ಮದು ತಲೆಗೆ ಇಪ್ಪತ್ತು. ಐದು ವರ್ಷದ ಹಿಂದೆ ಬೋನಸ್ ಬದಲು ಕೊಟ್ಟದ್ದು. ಇವತ್ತಿನ ರೇಟು 1.10 ರೂಪಾಯಿ. ಇಪ್ಪತ್ತೆರಡು ಕೈಗಿಟ್ಟು ಕೈತೊಳೆದುಕೊಳ್ಳುತ್ತಾರೆ.

ಕಲ್ಲು ಅರೆಯುವ ನಮ್ಮ ಪುಡಿ ವಿಭಾಗದಲ್ಲಿ ಇವತ್ತು 212 ಚೀಲ ತೂಗಿದೆ. ಅಣ್ಣನ ಕೆಮ್ಮು ಗಿರಣಿಯ ಸದ್ದಿನಲ್ಲೂ ಕೇಳುತ್ತಿತ್ತು.

ಜೂನ್ 5, ಬುಧವಾರ

ದುಡ್ಡಿನ ಮಾತಲ್ಲ. ವರ್ಷಕ್ಕೊಮ್ಮೆ ನಮ್ಮ ಎದೆಯ ಎಕ್ಸ್‌ರೇ ತೆಗೆಯುತ್ತಾರೆ. ರಿಪೋರ್ಟ್ ಕೊಡುವುದಿಲ್ಲ. ಕೆಲಸದವರಾಗಿ ಕೇಳಿದರೆ ‘ಆಫೀಸಿನಿಂದ ತಿಳಿಸುತ್ತೇವೆ’. ಷೇರುದಾರರಾಗಿ ವಾರ್ಷಿಕ ಸಭೆಯಲ್ಲಿ ಕೇಳಿದರೆ ಅಧ್ಯಕ್ಷರೇ ಉತ್ತರ ಹೇಳಬೇಕು, ಅದು ನಡಾವಳಿ ಪುಸ್ತಕಕ್ಕೆ ಹೋಗುತ್ತದೆ. ಹೋದ ವರ್ಷ ಅಣ್ಣ ಕೇಳಿದ. ಮುಂದಿನ ಸಭೆಯಲ್ಲಿ ಕೊಡುತ್ತೇವೆ ಎಂದು ಬರೆಸಿದರು. ಮುಂದಿನ ಸಭೆ ಜುಲೈ 29ಕ್ಕೆ. ಅಷ್ಟರಲ್ಲಿ ನಾವು ಷೇರುದಾರರೇ ಅಲ್ಲ…

ಜೂನ್ 8, ಶನಿವಾರ

ಪುಡಿ ವಿಭಾಗದಲ್ಲಿ ಐದು ಜನ. ಗಿರಣಿ ನೋಡಿಕೊಳ್ಳುವ ಅಣ್ಣ, ನಾನು, ಮೇಸ್ತ್ರಿ, ಚೀಲ ಹೊರುವ ಕುಳ್ಳ, ಎಲ್ಲದಕ್ಕೂ ವಾದ ಹೂಡುವ ‘ವಕೀಲ’. ಐದು ಇಪ್ಪತ್ತು ನೂರು. ಒಬ್ಬರ ಹೆಸರಿಗೆ ಮಾಡಿದರೆ ಹೊಸದು ಒಂದು ಸಿಗುತ್ತದೆ. ಸಭೆಗೆ ಹೋಗಲು ಒಂದು ಸಾಕು. ಒಬ್ಬರು ಹಿಂದೆಗೆದರೂ ಎಂಬತ್ತು — ಏನೂ ಇಲ್ಲ.

ತನ್ನ ಹೆಸರಿಗೇ ಮಾಡಿ, ಅಧ್ಯಕ್ಷರ ಬೆವರಿಳಿಸುತ್ತೇನೆ ಎಂದ ವಕೀಲ.

‘ನೀನು ಬಾಯಿ ಬಿಟ್ಟರೆ ಪ್ರಶ್ನೆ ಮುಗಿಯೋ ಅಷ್ಟರಲ್ಲಿ ಸಭೆ ಮುಗಿದಿರುತ್ತೆ ಕಣೋ’ ಎಂದರು ಮೇಸ್ತ್ರಿ. ಎಲ್ಲರೂ ನಕ್ಕೆವು. ಅಣ್ಣ ನಗಲು ಹೋಗಿ ಕೆಮ್ಮು ಹತ್ತಿ ಗೋಡೆ ಹಿಡಿದು ನಿಂತ.

ಅವನ ಹೆಸರು ಸೂಚಿಸಿದ್ದು ನಾನು. ಅಲ್ಲಿ ಎದ್ದು ನಿಂತು ಕೆಮ್ಮಿದರೇ ಅರ್ಧ ಪ್ರಶ್ನೆ ಕೇಳಿದ ಹಾಗೆ ಎಂದೆ. ವಕೀಲ ಮುಖ ಊದಿಸಿಕೊಂಡ, ಕೊನೆಗೆ ಒಪ್ಪಿದ.

ಜೂನ್ 12, ಬುಧವಾರ

ಫಾರ್ಮ್ ತುಂಬಿದ್ದು ನಾನೇ. ಎರಡನೇ ಹೆಸರಿಗೆ ಒಂದು ಜಾಗವಿತ್ತು. ನನ್ನದು ಹಾಕಲಾ ಅಂತ ಅಣ್ಣನನ್ನು ಕೇಳಿದೆ.

‘ಬೇಡಮ್ಮ. ಅಣ್ಣ ತಂಗಿ ಸೇರಿ ನುಂಗಿದರು ಅಂತಾರೆ.’

ಸರಿ ಅನಿಸಿತು. ಸ್ಕೇಲ್ ಇಟ್ಟು ಅಡ್ಡ ಗೆರೆ ಎಳೆದೆ.

ಜೂನ್ 26, ಬುಧವಾರ

ವರ್ಗಾವಣೆಯ ಕಾಗದ ಬಂತು. ಅಣ್ಣನ ಹೆಸರಿನಲ್ಲಿ ನೂರು. ಇನ್ನೆರಡು ದಿನ ಉಳಿದಿತ್ತು ಅಷ್ಟೆ.

ಜುಲೈ 4, ಗುರುವಾರ

ಪೇಪರಿನಲ್ಲಿ ಷೇರಿನ ರೇಟು 110. ನೂರು ಪಟ್ಟು ಏರಿತೆಂದು ಕುಳ್ಳ ಎಲ್ಲರಿಗೂ ಬಿಸ್ಕತ್ತು ತಂದ. ನೂರು ಹೋಗಿ ಒಂದಾಗಿದೆ, ಒಟ್ಟು ಬೆಲೆ ಅಷ್ಟೇ ಎಂದು ಮೇಸ್ತ್ರಿ ಬಿಡಿಸಿ ಹೇಳಿದರು. ಕುಳ್ಳ ಪೊಟ್ಟಣ ಮಡಚಿದ. ‘ಹಾಗಾದ್ರೆ ತಿಂದವರು ದುಡ್ಡು ಕೊಡಿ.’

ಜುಲೈ 11, ಗುರುವಾರ

ಷೇರಿನ ರೇಟು ಇವತ್ತು 71. ಒಂದೇ ವಾರದಲ್ಲಿ. ಪ್ಯಾಕಿಂಗ್ ವಿಭಾಗದವರಿಗೆ ಲಕೋಟೆಯಲ್ಲಿ ಇಪ್ಪತ್ತೆರಡು ಬಂತಂತೆ. ಒಬ್ಬರಿಗೂ ಷೇರು ಉಳಿದಿಲ್ಲ. ಇಡೀ ಕಾರ್ಖಾನೆಯಿಂದ ಸಭೆಗೆ ಹೋಗುವವನು ಅಣ್ಣ ಒಬ್ಬನೇ. ಕಾಗದದಲ್ಲಿ ಪ್ರಶ್ನೆ ಬರೆದುಕೊಂಡು ಓದಿ ಅಭ್ಯಾಸ ಮಾಡುತ್ತಿದ್ದಾನೆ. ಎರಡು ಸಾಲಿಗೆ ಮೂರು ಸಲ ನಿಲ್ಲುತ್ತಾನೆ.

ಜುಲೈ 22, ಸೋಮವಾರ

ಅಣ್ಣ ಹೋಗಿ ನಾಲ್ಕು ದಿನ. ಗುರುವಾರ ಬೆಳಗ್ಗೆ, ಆಸ್ಪತ್ರೆಯಲ್ಲಿ. ಹಳೆಯ ಎಕ್ಸ್‌ರೇ ಇದ್ದರೆ ತನ್ನಿ ಎಂದಿದ್ದರು ಡಾಕ್ಟರ್.

ಎಲ್ಲಿಂದ ತರಲಿ.

ಜುಲೈ 24, ಬುಧವಾರ

ಅತ್ತಿಗೆಯ ಜೊತೆ ಕಂಪನಿಯ ಷೇರು ಕಚೇರಿಗೆ ಹೋದೆ. ಗುಮಾಸ್ತರು ಕೂರಿಸಿ ಮಾತಾಡಿಸಿದರು, ನೀರು ತರಿಸಿದರು. ಮರಣ ಪತ್ರ, ವಾರಸುದಾರಿಕೆ ಪತ್ರ, ಆಮೇಲೆ ಸಮಿತಿಯ ಒಪ್ಪಿಗೆ. ಅಲ್ಲಿಯವರೆಗೆ ಆ ಷೇರಿಗೆ ಸಭೆಯಲ್ಲಿ ಯಾರೂ ಇಲ್ಲ. ಎರಡನೇ ಹೆಸರಿದ್ದಿದ್ದರೆ ಅವರೇ ಬರಬಹುದಿತ್ತು ಎಂದು ಫಾರ್ಮ್ ನನ್ನ ಕಡೆ ತಿರುಗಿಸಿದರು. ನನ್ನ ಗೆರೆ. ನೆಟ್ಟಗೇ ಇತ್ತು.

ಅತ್ತಿಗೆ ಅಳಲಿಲ್ಲ. ‘ಷೇರು ನೀವೇ ಇಟ್ಕೊಳ್ಳಿ. ಒಂದು ಸಲ ಒಳಗೆ ಬಿಡಿ. ಅವರು ಬರೆದಿಟ್ಟಿದ್ದನ್ನ ಓದಿ ಬರ್ತೀನಿ.’

‘ನನ್ನ ಕೈಯಲ್ಲಿಲ್ಲಮ್ಮ.’

ಸಂಜೆ ಉಳಿದ ಮೂವರಿಗೂ ಹೇಳಿದೆ. ಗೆರೆಯ ವಿಷಯವನ್ನೂ. ವಕೀಲ ನನ್ನನ್ನು ಬೈಯುತ್ತಾನೆ ಅಂದುಕೊಂಡಿದ್ದೆ. ಚೀಲ ಜೋಡಿಸಲು ಹೋದ.

ಜುಲೈ 26, ಶುಕ್ರವಾರ

184 ಚೀಲ. ಗಿರಣಿಗೆ ಹೊಸಬ ಬಂದಿದ್ದಾನೆ.

ವಾರ್ಷಿಕ ಸಭೆ 29ಕ್ಕೆ, ಬೆಳಗ್ಗೆ 11. ಅತ್ತಿಗೆಯ ಅರ್ಜಿ ಸಮಿತಿಯ ಮುಂದೆ ಹೋಗುವುದು ಆಗಸ್ಟ್ 6ಕ್ಕೆ. ಪುಡಿ ವಿಭಾಗದ ಈ ವರ್ಷದ ಎಕ್ಸ್‌ರೇ 30ಕ್ಕೆ. ಬೆಳಗ್ಗೆ ಎಂಟಕ್ಕೆ, ಸರದಿ ಪ್ರಕಾರ.