ಕುರಿ ಹಿಂದೆ ಹೋದವರ ಬಾವಿ

ಸಂಗೊಳ್ಳಿ
18 ಏಪ್ರಿಲ್ 1996

ನನ್ನ ಪ್ರೀತಿಯವರೇ, ರೇಣು ಮಾಡುವ ನಮಸ್ಕಾರಗಳು.

ಆರೋಗ್ಯವಾಗಿದ್ದೀರಾ? ಜೈಸಲ್ಮೇರಿನ ಬಿಸಿಲಿಗೆ ತುಟಿ ಒಡೆದಿದೆ ಎಂದು ಬರೆದಿದ್ದಿರಿ. ಬೆಣ್ಣೆ ಸವರಿಕೊಳ್ಳಿ, ಸಂಕೋಚ ಬೇಡ. ಇಲ್ಲಿ ಎಲ್ಲರೂ ಕ್ಷೇಮ. ಅತ್ತೆಯವರ ಮಂಡಿನೋವು ಕಡಿಮೆಯಾಗಿದೆ, ಬಾಯಿ ಮಾತ್ರ ಹಾಗೇ ಇದೆ. ಮಾವನವರು ಕುರಿ ಹೊಡೆದುಕೊಂಡು ಸವದತ್ತಿ ಕಡೆ ಹೋಗಿದ್ದಾರೆ.

ನಿಮ್ಮ ಕಾಗದವನ್ನು ಅತ್ತೆಯವರಿಗೆ ಓದಿ ಹೇಳಿದೆ. ಹಳೆಯ ನಕಾಶೆಯಲ್ಲಿರುವ ಬಾವಿ, ಕುರಿದಡ್ಡಿಗಳನ್ನು ನೆಲದ ಮೇಲೆ ತಾಳೆ ನೋಡುತ್ತಿದ್ದೇವೆ, ಒಂದು ನರಪಿಳ್ಳೆಯೂ ಕಾಣಲಿಲ್ಲ, ತಿಂಗಳ ಕೊನೆಗೆ ಅವನ್ನೆಲ್ಲ ಅಳಿಸಿ 'ಪಾಳು' ಎಂದು ಬರೆಯುತ್ತೇವೆ, ಆಮೇಲೆ ಗ್ಯಾಸಿಗಾಗಿ ನೆಲ ಕೊರೆಯುವವರು ಅಲ್ಲೇ ಕೆಸರು ಸುರಿಯುವ ಹೊಂಡ ತೋಡುತ್ತಾರೆ ಎಂದಿದ್ದೀರಿ. ಓದಿ ನನಗೆ ಸಿಟ್ಟು ನೆತ್ತಿಗೇರಿತು. ಕುರುಬರ ಮನೆಯಲ್ಲಿ ಹುಟ್ಟಿದವರು ಬರೆಯುವ ಮಾತೇ ಇದು? ಬಾವಿಯ ಬಾಯಿಗೆ ಮುಳ್ಳು ಮುಚ್ಚಿ ಮೇಲೆ ಕಲ್ಲು ಹೇರಿದ್ದಾರೆ ಎಂದು ನೀವೇ ಬರೆದಿದ್ದೀರಿ. ಬಿಟ್ಟೇ ಹೋಗುವವರು ಬಾವಿಯನ್ನು ಅಷ್ಟು ಜೋಪಾನ ಮಾಡುತ್ತಾರೆಯೇ? ಬೇಸಿಗೆಗೆ ಮೇವಿದ್ದ ಕಡೆ ಹೋಗಿದ್ದಾರೆ, ಮಳೆ ಬಿದ್ದರೆ ಬರುತ್ತಾರೆ. ಬಂದಾಗ ಬಾವಿ ಇರಬೇಕಲ್ಲ!

ಹೋದ ವರ್ಷ ಮತದಾರರ ಪಟ್ಟಿ ಬರೆಯುವವರು ನಮ್ಮ ಬಾಗಿಲಿಗೆ ಹಾಕಿದ ಕೀಲಿ ನೋಡಿ 'ಊರು ಬಿಟ್ಟವರು' ಎಂದು ಬರೆದುಕೊಂಡು ಹೋದದ್ದು ಮರೆತಿರಾ? ಅತ್ತೆಯವರು ಕಚೇರಿಯಲ್ಲಿ ನಿಂತು, "ಕುರಿ ಹಿಂದ ಹೋಗಿದ್ವಿರಿ, ಊರು ಬಿಟ್ಟಿಲ್ರಿ! ಕೀಲಿ ಹಾಕೂದು ತಿರುಗಿ ಬರಾಕ ಅಲ್ಲೇನ್ರಿ?" ಎಂದು ಕೂಗಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕವರು ನೀವೇ. ಈಗ ಅದೇ ತಪ್ಪು ನಿಮ್ಮ ಕೈಯಿಂದ. "ಬೂಟು ಹಾಕ್ಕೊಂಡ ಮ್ಯಾಲೆ ನಮ್ಮ ಭೀಮಶಿಗೆ ನೆಲಾನ ತಿಳೀದಂಗಾಗೇತಿ" ಎನ್ನುತ್ತಿದ್ದಾರೆ ನಿಮ್ಮವ್ವ. ನಾನು ಹಾಗೆನ್ನುವುದಿಲ್ಲ. ನೀವು ಬರೆದ ನಕಾಶೆಯನ್ನು ನಾಳೆ ಹತ್ತೂರಿನವರು ನಂಬುತ್ತಾರೆ ಎಂಬ ಹೆಮ್ಮೆ ನನಗಿದೆ. ಅದಕ್ಕೇ ಇಷ್ಟು ಬೈದದ್ದು.

ಹೊತ್ತಿಗೆ ಸರಿಯಾಗಿ ಉಣ್ಣಿರಿ. ಅತ್ತೆಯವರ ಆಶೀರ್ವಾದ ಇದರ ಜೊತೆಗೇ ಬರುತ್ತಿದೆ, ಬೈಗುಳದಷ್ಟೇ ದೊಡ್ಡದು.

ನಿಮ್ಮ
ರೇಣು

ತಾ.ಕ. ಕಾಗದ ಮುಟ್ಟುವಷ್ಟರಲ್ಲಿ ನೀವು ಅಳಿಸಿಬಿಟ್ಟರೆ ಏನು ಗತಿ ಎಂದು, ನಿನ್ನೆ ನಾನೂ ಅತ್ತೆಯವರೂ ಬೈಲಹೊಂಗಲಕ್ಕೆ ಹೋಗಿ ನಿಮ್ಮ ಸರ್ವೆ ಸಾಹೇಬರಿಗೇ ತಂತಿ ಕೊಟ್ಟು ಬಂದೆವು: 'ಬಾವಿ ಅಳಿಸಬೇಡಿ. ಮಳೆಯಾದ ಮೇಲೆ ಜನ ಬರುತ್ತಾರೆ.' ಯಾರ ಹೆಸರು ಹಾಕಲಿ ಎಂದು ಅಂಚೆಯವರು ಕೇಳಿದ್ದಕ್ಕೆ ಅತ್ತೆಯವರು, "ಕೃಷ್ಣವ್ವ, ಭೀಮಶಿ ತಾಯಿ ಅಂತ ಬರೀರಿ" ಎಂದರು. ಸಿಟ್ಟು ಬಂದರೆ ರಜೆ ಹಾಕಿ ಬಂದು ಬೈಯಿರಿ.