ಖಾಲಿ ಜಾಗದಿಂದ ಶುರುವಾದ ಲೆಕ್ಕ

ಮಂಗಳವಾರ, ಊಟದ ಬಿಡುವು

ಪ್ರೀತಿಯ ಅಮ್ಮಾ,

ಫೋನಿನಲ್ಲಿ ಹೇಳಹೊರಟರೆ ನೀನು ಹ್ಞೂಂ ಬೇಗ ಹೇಳು ಅನ್ನುತ್ತೀಯ, ನನ್ನ ಬಾಯಿ ಕಟ್ಟಿಹೋಗುತ್ತದೆ. ಅದಕ್ಕೇ ಈ ಕಾಗದ.

ನಿನ್ನ ಶಾಲೆಯ ಹೊಸ ಕಟ್ಟಡದ ವರದಿ ಬರೆಯುವ ಕೆಲಸ ಆಫೀಸಿನಲ್ಲಿ ನನ್ನ ಪಾಲಿಗೇ ಬಂತು. ಸಿಮೆಂಟು ಸುಡುವಾಗ, ಕಬ್ಬಿಣ ಕರಗಿಸುವಾಗ, ಲಾರಿ ಓಡುವಾಗ ಎಷ್ಟು ಇಂಗಾಲ ಗಾಳಿಗೆ ಸೇರುತ್ತದೆಂದು ಕೂಡಿ ನೋಡಿ, ಕಡಿಮೆ ಹೊಗೆಯ ದಾರಿ ಹಿಡಿಯುವುದು ನಮ್ಮಲ್ಲಿನ ಪದ್ಧತಿ. ನಮ್ಮ ಎಂಜಿನಿಯರು ಮಣ್ಣಿನ ಇಟ್ಟಿಗೆ, ಸುಣ್ಣದ ಗಾರೆ ಅಂತ ಚೆನ್ನಾಗಿಯೇ ಆರಿಸಿದ್ದರು. ಆದರೆ ಅವರ ಲೆಕ್ಕ ಖಾಲಿ ಜಾಗದಿಂದ ಶುರುವಾಗಿತ್ತು. ಅಲ್ಲಿ ನಿನ್ನ ಹಳೇ ಶಾಲೆ ನಿಂತಿದೆಯಲ್ಲ ಅಮ್ಮಾ! ಅದನ್ನು ಒಡೆದು ಸಾಗಿಸುವ ಹೊಗೆ ಲೆಕ್ಕದಲ್ಲಿ ಎಲ್ಲೂ ಇಲ್ಲ. ಒಡೆಯದೇ ಇದ್ದರೆ ಎಂಬ ಪ್ರಶ್ನೆಯೂ ಇಲ್ಲ.

ಮೆಲ್ಲಗೆ ಕೇಳಿದೆ. ‘ಏನಮ್ಮಾ, ಕಾಲೇಜಲ್ಲಿ ಕಥೆ-ಕವನ ಓದಿ ಬಂದವಳೇ, ಕೆಡವೋನ ಪಾಪಾನೂ ನಮ್ಮ ತಲೆಗೇ ಕಟ್ತೀಯಾ’ ಅಂತ ನಕ್ಕರು. ಆಮೇಲೆ ನಗು ನಿಲ್ಲಿಸಿ ತಾವೇ ಕೂಡಿ ನೋಡಿದರು. ಗೋಡೆ, ತಳಪಾಯ ಗಟ್ಟಿಯಾಗಿವೆ, ಕೆಟ್ಟಿರುವುದು ಚಾವಣಿ ಮಾತ್ರ. ಅದನ್ನು ಬದಲಿಸಿ ಕಿಟಕಿ ದೊಡ್ಡದು ಮಾಡಿದರೆ ಹೊಗೆ ಹೊಸ ಕಟ್ಟಡದ ಅರ್ಧಕ್ಕಿಂತ ಕಡಿಮೆ.

ಆಗಿನಿಂದ ನನಗೆ ನಿನ್ನದೇ ಯೋಚನೆ. ನಿವೃತ್ತಿಗೆ ಮೊದಲು ಹೊಸ ಶಾಲೆ ನೋಡಬೇಕೆಂದು ನೀನು ಹೆಡ್‌ಮಿಸ್ ಆದಾಗಿನಿಂದ ಅಲೆದಿದ್ದೀಯ. ‘ತೇಪೆ ಹಾಕಿದ ಬಟ್ಟೆ ಹಾಕ್ಕೊಂಡು ಬೆಳೆದವಳು ನಾನು, ಮಕ್ಕಳಿಗೆ ತೇಪೆ ಹಾಕಿದ ಶಾಲೆ ಬೇರೆ ಕೊಡಲಾ’ ಅಂತ ಶಾಲಾ ಸಮಿತಿಯವರನ್ನೇ ಗದರಿದವಳು ನೀನು. ಈಗ ಆ ತೇಪೆಯೇ ಒಳ್ಳೆಯದು ಅಂತ ನಿನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಹೇಗೆ ಬರೆಯಲಿ? ಬರೆಯದೇ ಬಿಟ್ಟರೆ ಗಟ್ಟಿ ಗೋಡೆಯನ್ನು ಗೊತ್ತಿದ್ದೂ ಕೆಡವಿದ ಹಾಗೆ.

ಎಂಜಿನಿಯರು ತೀರ್ಮಾನ ನನಗೇ ಬಿಟ್ಟಿದ್ದಾರೆ. ಸೇರಿಸಲೇ, ಬಿಡಲೇ? ನೀನು ಹೇಳಿದಂತೆ ಮಾಡುತ್ತೇನೆ. ಊಟ ಹೊತ್ತಿಗೆ ಸರಿಯಾಗಿ ಮಾಡು.

ನಿನ್ನ ಅಂಜುಬುರುಕಿ,
ಪಿಸುಮಾತಿನ ಮಗಳು

ಮತ್ತೆ ಬರೆದದ್ದು: ಮರೆತದ್ದಲ್ಲ, ಹೆದರಿ ಕೊನೆಗಿಟ್ಟದ್ದು. ವರದಿ ಬೆಳಿಗ್ಗೆಯೇ ಸಮಿತಿಗೆ ಹೋಯಿತು, ಆ ಲೆಕ್ಕದ ಸಮೇತ. ನಿನ್ನನ್ನು ಕೇಳಿದ್ದರೆ ಕಳಿಸುತ್ತಿರಲಿಲ್ಲ. ಶನಿವಾರದ ಸಮಿತಿ ಸಭೆಯಲ್ಲಿ ಅದನ್ನು ಬರೆದವಳೇ ನಿಂತು ಓದಬೇಕಂತೆ. ಎದುರು ಕುರ್ಚಿಯಲ್ಲಿ ನೀನಿರುತ್ತೀಯ. ಎಷ್ಟೇ ಕೋಪ ಬಂದರೂ ಮುಖ ತಿರುಗಿಸಬೇಡ ಅಮ್ಮಾ, ನನ್ನನ್ನೇ ನೋಡುತ್ತಿರು. ಇಲ್ಲದಿದ್ದರೆ ನನಗೆ ದನಿಯೇ ಹೊರಡುವುದಿಲ್ಲ.